ಖಾಲಿ ಚೌಕ, ಸೊನ್ನೆ ಮತ್ತು ಒಟ್ಟು

ಆನ್‌ಲೈನ್ ಕೋರ್ಸಿನ ಗ್ರೇಡ್‌ಬುಕ್ ನೋಡುವುದಕ್ಕೆ ಹಳೆಯ ಮಾರ್ಕ್ಸ್ ರಿಜಿಸ್ಟರಿನಂತೆಯೇ ಇರುತ್ತದೆ. ಎಡಕ್ಕೆ ವಿದ್ಯಾರ್ಥಿಗಳು, ಮೇಲೆ ಪರೀಕ್ಷೆಗಳು, ನಡುವೆ ಅಂಕಗಳು, ಬಲತುದಿಯಲ್ಲಿ ಒಟ್ಟು. ವ್ಯತ್ಯಾಸವೆಲ್ಲ ಆ ಬಲತುದಿಯದು. ರಿಜಿಸ್ಟರಿನಲ್ಲಿ ಮೇಷ್ಟ್ರು ಕೂಡಿ ಬರೆದದ್ದು ಒಟ್ಟು. ಗ್ರೇಡ್‌ಬುಕ್ಕಿನಲ್ಲಿ ಕೋರ್ಸ್ ಶುರುವಾಗುವಾಗ ಆರಿಸಿಟ್ಟ ನಿಯಮವೊಂದು ಒಟ್ಟನ್ನು ಕೂಡುತ್ತದೆ. ಆರಿಸದೆ ಬಿಟ್ಟರೆ ತಂತ್ರಾಂಶವೇ ಆರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಆಗುವುದು ಇದೇ.

ಕಾಲೇಜುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಮೂಡಲ್ ಇದಕ್ಕೆ ಒಳ್ಳೆಯ ಉದಾಹರಣೆ. ಮಾರ್ಟಿನ್ ಡೌಗಿಯಾಮಸ್ ಆಸ್ಟ್ರೇಲಿಯಾದಲ್ಲಿ ಕಟ್ಟಿದ ಈ ಮುಕ್ತ ತಂತ್ರಾಂಶದ ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಅಂಕಗಳನ್ನು ಒಟ್ಟುಗೂಡಿಸಲು ಅದರಲ್ಲಿ ಹಲವು ಪದ್ಧತಿಗಳಿವೆ. ಒಬ್ಬ ವಿದ್ಯಾರ್ಥಿಗೆ ಕ್ವಿಜ್‌ನಲ್ಲಿ 10ಕ್ಕೆ 10, ಅಸೈನ್‌ಮೆಂಟಿನಲ್ಲಿ 100ಕ್ಕೆ 50 ಬಂದಿದೆ ಎನ್ನೋಣ. ಸರಾಸರಿ ಪದ್ಧತಿ ಎರಡನ್ನೂ ಮೊದಲು ಶೇಕಡಕ್ಕೆ ತಂದು ಸಮನಾಗಿ ಎಣಿಸುತ್ತದೆ; ಉತ್ತರ ಶೇ 75. 2014ರ 2.8 ಆವೃತ್ತಿಯಲ್ಲಿ ಬಂದ ‘ನ್ಯಾಚುರಲ್’ ಪದ್ಧತಿ ಅಂಕಗಳನ್ನು ನೇರವಾಗಿ ಕೂಡುತ್ತದೆ: 110ಕ್ಕೆ 60, ಅಂದರೆ ಶೇ 54.5. ಹುಡುಗ ಅದೇ, ಉತ್ತರಪತ್ರಿಕೆ ಅದೇ, ದರ್ಜೆ ಮಾತ್ರ ಬೇರೆ. ಲೆಕ್ಕ ಎರಡೂ ಕಡೆ ಸರಿಯೇ ಇರುವುದರಿಂದ ತಪ್ಪು ಹುಡುಕಹೊರಟವರಿಗೆ ಏನೂ ಸಿಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಖಾಲಿ ಚೌಕ. ಪರೀಕ್ಷೆ ಬರೆಯದವರ ಚೌಕ ತಾನಾಗಿ ಸೊನ್ನೆಯಾಗುವುದಿಲ್ಲ, ಖಾಲಿಯಾಗಿಯೇ ಉಳಿಯುತ್ತದೆ. ಖಾಲಿ ಚೌಕಗಳನ್ನು ಲೆಕ್ಕದಿಂದ ಬಿಡುವ ಆಯ್ಕೆ ಮೂಡಲ್‌ನಲ್ಲಿ ಮೊದಲೇ ಚಾಲೂ ಆಗಿರುತ್ತದೆ. ಸೆಮಿಸ್ಟರಿನ ನಡುವೆ ಇದು ನ್ಯಾಯವೇ, ಇನ್ನೂ ನಡೆಯದ ಪರೀಕ್ಷೆಗೆ ಯಾರಿಗೂ ಸೊನ್ನೆ ಬೀಳಬಾರದಲ್ಲ. ಆದರೆ ಕೊನೆಯಲ್ಲಿಯೂ ಅದು ಹಾಗೆಯೇ ಉಳಿದರೆ, ಹತ್ತು ಅಂಕದ ಮೂರು ಕಿರುಪರೀಕ್ಷೆಗಳಲ್ಲಿ 8, 9 ಪಡೆದು ಮೂರನೆಯದಕ್ಕೆ ಚಕ್ಕರ್ ಹೊಡೆದವರಿಗೆ ಶೇ 85 ಬರುತ್ತದೆ. ಸೊನ್ನೆ ಬರೆದಿದ್ದರೆ ಶೇ 57ರ ಹತ್ತಿರ ಬರುತ್ತಿತ್ತು. ಇದರ ಜೊತೆಗೆ ‘ಅತಿ ಕಡಿಮೆ ಅಂಕವೊಂದನ್ನು ಬಿಟ್ಟುಬಿಡು’ ಎಂಬ ನಿಯಮವೂ ಸೇರಿದರೆ ಲೆಕ್ಕ ತಲೆಕೆಳಗಾಗುತ್ತದೆ. 8, 9, 7 ತೆಗೆದವಳಿಗೆ 7 ಬಿಟ್ಟುಹೋಗಿ ಶೇ 85. ತಪ್ಪಿಸಿಕೊಂಡವನ ಖಾಲಿ ಚೌಕ ಎಣಿಕೆಗೇ ಬಾರದ ಕಾರಣ ಅವನಿಗೆ ಬಿಟ್ಟುಹೋಗುವುದು 8. ಉಳಿದ 9ರಿಂದ ಶೇ 90. ಕ್ಲಾಸಿಗೆ ಬಂದವಳಿಗೇ ನಷ್ಟ.

ಈ ಗೊಂದಲಕ್ಕೆ ಎಡೆಗೊಡದ ನಿಯಮವೂ ಇಲ್ಲದಿಲ್ಲ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ವೇದಿಕೆಯಲ್ಲಿ ಎನ್‌ಪಿಟಿಇಎಲ್ ನಡೆಸುವ 12 ವಾರಗಳ ಕೋರ್ಸುಗಳಲ್ಲಿ ರೂಢಿಯಲ್ಲಿರುವ ಕ್ರಮದಂತೆ 12 ಅಸೈನ್‌ಮೆಂಟುಗಳ ಪೈಕಿ ಉತ್ತಮವಾದ 8ರ ಸರಾಸರಿಗೆ 25 ಅಂಕ, ಪರೀಕ್ಷಾ ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ 75. ಪ್ರಮಾಣಪತ್ರ ಸಿಗಬೇಕಾದರೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಎರಡೂ ಆಗಬೇಕು. 9 ಮತ್ತು 70 ಸೇರಿ 79 ಆದರೂ ಪ್ರಮಾಣಪತ್ರವಿಲ್ಲ. ಕಟುವೆನಿಸಬಹುದು, ಆದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಕಟುತನ.

ಅಂಕ ತಿದ್ದುವ ಕೆಲಸದಲ್ಲಿ ಇನ್ನೊಂದು ಮುಳ್ಳಿದೆ. ಕ್ವಿಜ್‌ನ ಅಂಕ ಗ್ರೇಡ್‌ಬುಕ್ಕಿಗೆ ತಾನಾಗಿ ಹರಿದುಬರುತ್ತದೆ. ಅಧ್ಯಾಪಕರು ಗ್ರೇಡ್‌ಬುಕ್ಕಿನ ಚೌಕದಲ್ಲೇ ನೇರವಾಗಿ ಅಂಕ ಟೈಪ್ ಮಾಡಿದರೆ ಆ ಹರಿವು ಅಲ್ಲಿಗೆ ನಿಲ್ಲುತ್ತದೆ. ಇದಕ್ಕೆ ಓವರ್‌ರೈಡ್ ಎಂದು ಹೆಸರು. ಮುಂದೆ ತಪ್ಪು ಪ್ರಶ್ನೆಯೊಂದನ್ನು ಸರಿಪಡಿಸಿ ಇಡೀ ಕ್ಲಾಸಿಗೆ ಮರುಮೌಲ್ಯಮಾಪನ ಮಾಡಿದಾಗ ಎಲ್ಲರ ಅಂಕ ಏರುತ್ತದೆ, ಆ ಒಂದು ಚೌಕದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಅಂಕವನ್ನು ಅದು ಹುಟ್ಟಿದ ಜಾಗದಲ್ಲೇ, ಅಂದರೆ ಕ್ವಿಜ್ ಅಥವಾ ಅಸೈನ್‌ಮೆಂಟಿನೊಳಗೇ ತಿದ್ದುವುದು ಕ್ಷೇಮ.

ಅಂಕ ಬಚ್ಚಿಡುವುದೂ ಅಂದುಕೊಂಡಷ್ಟು ಸುಲಭವಲ್ಲ. ಒಂದು ಪರೀಕ್ಷೆಯ ಅಂಕವನ್ನು ಮರೆಮಾಡಿ, ಅದು ಸೇರಿದ ಒಟ್ಟನ್ನು ತೋರಿಸಿದರೆ ಕಳೆಯುವ ಲೆಕ್ಕ ಬಲ್ಲ ಯಾರಿಗಾದರೂ ಗುಟ್ಟು ರಟ್ಟು. ಮರೆಮಾಡಿದ ಅಂಕವಿರುವ ಒಟ್ಟನ್ನೂ ಮುಚ್ಚಿಡುವ ಆಯ್ಕೆ ಬೇರೆಯೇ ಇದೆ. ದಶಾಂಶದ ವಿಷಯವೂ ಹೀಗೆಯೇ: ತೆರೆಯ ಮೇಲೆ 40 ಎಂದು ಕಾಣುವುದು ಒಳಗೆ 39.6 ಆಗಿರಬಹುದು. ಎಷ್ಟು ದಶಾಂಶ ಸ್ಥಾನ ಕಾಣಬೇಕೆಂಬ ಆಯ್ಕೆ ಕಣ್ಣಿಗಷ್ಟೇ, ಲೆಕ್ಕಕ್ಕಲ್ಲ.

ಹೊರಗಿನ ಎಕ್ಸೆಲ್ ಹಾಳೆಯಿಂದ ಅಂಕ ತುಂಬುವಾಗ ಹೆಸರನ್ನು ನಂಬದೆ ನೋಂದಣಿ ಸಂಖ್ಯೆಯನ್ನೋ ಇಮೇಲನ್ನೋ ಹೊಂದಿಸಬೇಕು. ಒಂದೇ ಕ್ಲಾಸಿನಲ್ಲಿ ಇಬ್ಬರು ಮಂಜುನಾಥರು ಇರುವುದು ನಮ್ಮಲ್ಲಿ ಹೊಸದೇನಲ್ಲ. ಎಲ್ಲ ಮುಗಿದ ಮೇಲೆ ಖಾಲಿ ಚೌಕಗಳಿಗೆ ಸೊನ್ನೆಯೋ ವಿನಾಯಿತಿಯೋ ಎಂದು ತೀರ್ಮಾನಿಸಿ, ಅಂಕಗಳನ್ನು ಲಾಕ್ ಮಾಡಿ, ಒಂದು ಪ್ರತಿಯನ್ನು ಇಳಿಸಿಕೊಳ್ಳುವುದು ಕ್ರಮ. ಯಾರು, ಯಾವಾಗ, ಎಷ್ಟಿದ್ದದ್ದನ್ನು ಎಷ್ಟು ಮಾಡಿದರೆಂಬ ದಾಖಲೆ ‘ಗ್ರೇಡ್ ಹಿಸ್ಟರಿ’ಯಲ್ಲಿ ಇರುತ್ತದೆ. ಆದರೆ ಅದು ಎಷ್ಟು ದಿನ ಉಳಿಯಬೇಕೆಂಬುದನ್ನು ನಿಗದಿಪಡಿಸುವವರು ಅಡ್ಮಿನ್‌ಗಳು. ಆದ್ದರಿಂದ ಫಲಿತಾಂಶದ ಬಗ್ಗೆ ತಕರಾರು ಸಲ್ಲಿಸುವ ಅವಧಿ ಮುಗಿಯುವವರೆಗಾದರೂ ಇಳಿಸಿಕೊಂಡ ಪ್ರತಿ ಅಧ್ಯಾಪಕರ ಬಳಿ ಇರಬೇಕಾಗುತ್ತದೆ.