ವಾರ್ಡಿನ ಉಸ್ತಾದರು

ವೈದ್ಯಕೀಯ ಓದುವ ಮಕ್ಕಳಿರುವ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಈಗ ಹೆಚ್ಚುತ್ತಿವೆ. ಸಂತೋಷದ ಸಂಗತಿ. ಆದರೆ ಆ ಮಕ್ಕಳು ಯಾರಿಂದ ಕಲಿಯುತ್ತಾರೆಂದು ನಾವು ಅಷ್ಟಾಗಿ ಯೋಚಿಸುವುದಿಲ್ಲ. ನಾಲ್ಕೂವರೆ ವರ್ಷಗಳ ವ್ಯಾಸಂಗದಲ್ಲಿ ಎರಡನೆಯ ವರ್ಷದಿಂದಲೇ ವಾರ್ಡಿನ ಪಾಠವಿರುತ್ತದೆ. ಅನಂತರ ಒಂದು ವರ್ಷದ ಇಂಟರ್ನ್‌ಶಿಪ್. ಅಲ್ಲಿ ಅಧ್ಯಾಪಕರಿರುತ್ತಾರೆ, ನಿಜ. ಪಾಠವಾಗಿ ಮಲಗಿರುವವರು ಮಾತ್ರ ರೋಗಿಗಳು; ಸರಕಾರಿ ಆಸ್ಪತ್ರೆಗಳಲ್ಲಂತೂ ಬಹುತೇಕ ಬಡವರು.

ನಮ್ಮ ಮದ್ರಸಾದಲ್ಲಿ ಕುರ್‌ಆನ್ ಕಲಿತ ಹುಡುಗಿಯೊಬ್ಬಳು ಈಗ ಮೂರನೆಯ ವರ್ಷದಲ್ಲಿದ್ದಾಳೆ. ರಜೆಗೆ ಬಂದಾಗ ಆಕೆ ತನ್ನ ಕಲಿಕೆಯನ್ನು ವಿವರಿಸಿದಳು. ರೋಗಿಯ ಬಲಬದಿಯಲ್ಲಿ ನಿಲ್ಲಬೇಕು. ಮುಟ್ಟುವ ಮುನ್ನ ಅಪ್ಪಣೆ ಕೇಳಿ, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಹೊಟ್ಟೆಯನ್ನು ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಬೇಕು, ಏಕೆಂದರೆ ನೋವು ಮೊದಲು ಕಾಣುವುದು ಅಲ್ಲಿ. ಮುಖ್ಯ ತೊಂದರೆಯನ್ನು ರೋಗಿಯ ಮಾತಿನಲ್ಲೇ ಬರೆದುಕೊಳ್ಳಬೇಕಂತೆ. ಕನ್ನಡ ಓದಿದ ನಮಗೆ ಇದನ್ನು ಕೇಳಿ ವಿಶೇಷ ಹರ್ಷವಾಯಿತು. ‘ಎದೆ ಹಾರ್ತದೆ’, ‘ದಮ್ಮು ಕಟ್ತದೆ’, ‘ಕೈಕಾಲು ಜೋಮು’ ಎಂಬ ಮಾತುಗಳ ನಡುವಣ ಅಂತರವನ್ನರಿಯದೆ ರೋಗವನ್ನು ಅರಿಯುವುದು ಹೇಗೆ?

ಒಂದು ದಿನ, ಹೃದಯದ ಕವಾಟ ಕಿರಿದಾಗಿದ್ದ ಅಜ್ಜಿಯೊಬ್ಬರ ಎದೆಯ ಸದ್ದನ್ನು ಆಲಿಸಲು ಹನ್ನೆರಡು ವಿದ್ಯಾರ್ಥಿಗಳು ಸಾಲಾಗಿ ನಿಂತಿದ್ದರು. ಎಡಮಗ್ಗುಲಿಗೆ ಹೊರಳಿದರೆ ಆ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಅಜ್ಜಿ ಅಷ್ಟೂ ಹೊತ್ತು ಎಡಕ್ಕೆ ಹೊರಳಿಯೇ ಮಲಗಿದ್ದರು. ಬಳಿಕ ಅವರ ತಲೆಯ ಮೇಲೆಯೇ ಇಂಗ್ಲಿಷಿನಲ್ಲಿ ಚರ್ಚೆ ನಡೆಯಿತು, ಎಲ್ಲರೂ ಮುಂದಿನ ಹಾಸಿಗೆಗೆ ಸರಿದರು. ಅಜ್ಜಿ ಈಕೆಯ ಕೋಟಿನ ತೋಳು ಹಿಡಿದು, “ಮಗಾ, ನನಗೇನಾಗಿದೆ ಅಂದ್ರು ಅವರು?” ಎಂದು ಕೇಳಿದರು.

ವಿದ್ಯಾರ್ಥಿನಿಗೆ ಅದನ್ನು ತಾನೇ ಹೇಳುವ ಅಧಿಕಾರವಿಲ್ಲ. ಆಕೆ ಕರ್ತವ್ಯದಲ್ಲಿದ್ದ ವೈದ್ಯರಿಗಾಗಿ ಕಾದು, ಕರೆತಂದು, ಕನ್ನಡದಲ್ಲಿ ಹೇಳಿಸಿದಳು. ಮಧ್ಯಾಹ್ನದ ತರಗತಿಯ ಹಾಜರಿ ಹೋಯಿತು. ಹೋಗಲಿ ಎಂದೇ ನಾವು ಹೇಳಿದೆವು. ಇಂಗ್ಲಿಷ್ ಬೇಡವೆಂಬುದು ನಮ್ಮ ವಾದವಲ್ಲ. ಹನ್ನೆರಡು ಮಂದಿಗೆ ಕಲಿಸಿದವರಿಗೆ ತಮ್ಮ ರೋಗದ ಹೆಸರನ್ನು ತಿಳಿಯುವ ಹಕ್ಕಿದೆ.

ಈ ಪದ್ಧತಿ ಹೊಸತಲ್ಲ. ರಯ್ಯ್ ನಗರದ ಅಬೂಬಕರ್ ರಾಝಿಯವರ ಮಜ್ಲಿಸ್‌ನಲ್ಲಿ ರೋಗಿಯನ್ನು ಮೊದಲು ಕಿರಿಯ ಶಿಷ್ಯರು ವಿಚಾರಿಸುತ್ತಿದ್ದರು. ಅವರಿಗೆ ತಿಳಿಯದಿದ್ದರೆ ಹಿರಿಯರು, ಅವರಿಗೂ ತಿಳಿಯದಿದ್ದರೆ ಸ್ವತಃ ರಾಝಿ. ದಮಾಸ್ಕಸ್‌ನಲ್ಲಿ ನೂರುದ್ದೀನ್ ಝಂಗಿಯವರು 1154ರಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ವೈದ್ಯ ಅಬುಲ್ ಮಜ್ದ್ ಅವರು ರೋಗಿಗಳನ್ನೆಲ್ಲ ನೋಡಿ, ಅವರ ಔಷಧ ಪಥ್ಯಗಳನ್ನು ಬರೆದುಕೊಟ್ಟ ಅನಂತರವೇ ಶಿಷ್ಯರೊಡನೆ ಪಾಠಕ್ಕೆ ಕೂರುತ್ತಿದ್ದರು. ಆ ಕ್ರಮವನ್ನು ಗಮನಿಸಿ: ಮೊದಲು ರೋಗಿ, ಆಮೇಲೆ ಪಾಠ.

ಇನ್ನು ನಮ್ಮ ಮನೆಗಳ ವಿಷಯ. ಮಗು ವಾರ್ಡಿನಿಂದ ಬಂದೊಡನೆ, “ನಮ್ಮ ಕಡೆಯವರು ಯಾರಾದ್ರೂ ಇದ್ರಾ? ಏನಂತೆ ಕಾಯಿಲೆ?” ಎಂದು ಕೇಳುವವರು ನಾವೇ. ರೋಗಿ ಹೇಳಿಕೊಂಡದ್ದು ಅಮಾನತ್. ಕ್ಷಯಕ್ಕೆ ಔಷಧ ಪಡೆಯುತ್ತಿರುವ ಹುಡುಗಿಯ ಹೆಸರು ಒಂದು ಚಹಾ ಕುಡಿಯುವಷ್ಟರಲ್ಲಿ ಹೊರಬಿದ್ದರೆ ಆಕೆಯ ನಿಕಾಹ್ ಮಾತುಕತೆ ಮುರಿಯುತ್ತದೆ, ಕ್ಷಯವೇನೋ ವಾಸಿಯಾಗುತ್ತದೆ. ಹೆತ್ತವರಾದ ನಾವು ಮಕ್ಕಳಿಂದ ಇಂಥದ್ದನ್ನು ಕೇಳಲೇಬಾರದು.

ನಮ್ಮ ಶಿಷ್ಯೆಗೂ ಈ ಪ್ರಶ್ನೆ ಎದುರಾಯಿತು. ಆಕೆ, “ಖಾಲಾ, ಹಸಿವಾಗ್ತಿದೆ, ಊಟ ಹಾಕಿ” ಎಂದಳಂತೆ. ಖಾಲಾ ಊಟ ಬಡಿಸಿದರು. ಮುನಿಸು ಮಾತ್ರ ಇನ್ನೂ ಇಳಿದಿಲ್ಲವೆಂದು ಕೇಳಿದ್ದೇವೆ.