ಎರಡು ರಾಮನಗರ, ಒಬ್ಬ ಮಾಮಾ

ಬರೆಯದೇ ತುಂಬಾ ದಿನ ಆಯ್ತು. ಆಫೀಸಿನ ಕೆಲಸ ಸಾಲದು ಅಂತ ಮಾಮಾನ ಕೆಲಸವನ್ನೂ ತಲೆ ಮೇಲೆ ಹಾಕಿಕೊಂಡಿದ್ದೆ. ಇವತ್ತು ಅದರ ಕಥೆಯನ್ನೇ ಹೇಳಿಬಿಡ್ತೀನಿ.

ಅವ್ವನ ತವರು ರಾಮನಗರ. ನೀವು ಅಂದುಕೊಂಡ ರಾಮನಗರ ಅಲ್ಲ! 'ಶೋಲೆ'ಯ ಬೆಟ್ಟ, ರೇಷ್ಮೆ ಗೂಡಿನ ಮಾರುಕಟ್ಟೆ ಇರೋದು ಬೆಂಗಳೂರಿನಿಂದ 50 ಕಿ.ಮೀ. ದೂರದ ರಾಮನಗರದಲ್ಲಿ. ನಮ್ಮದು ಉತ್ತರ ಕನ್ನಡದ ಜೋಯಿಡಾ ತಾಲೂಕಿನದು. ಲೋಂಡಾ ಹತ್ತಿರ, ಬೆಳಗಾವಿಯಿಂದ ಅನಮೋಡ ಘಾಟ್ ಇಳಿದು ಗೋವಾಕ್ಕೆ ಹೋಗುವ ದಾರಿಯಲ್ಲಿ. ಬೆಂಗಳೂರಿಗೆ ಹತ್ತಿರ ಹತ್ತಿರ 500 ಕಿ.ಮೀ. ಸೂಪಾ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳ ಎಷ್ಟೋ ಕುಟುಂಬಗಳಿಗೆ ಇಲ್ಲಿ ಜಾಗ ಕೊಟ್ಟರು. ಅಜ್ಜನೂ ಹಾಗೇ ಬಂದವರು.

ಮಾಮಾ ಮನೆಯ ಹಿಂದೆ ಎರಡು ಕೋಣೆ ಕಟ್ಟಿಸಿ ಹೋಂಸ್ಟೇ ಮಾಡಿದರು. ಅಡುಗೆ ಮಾಮಿಯದು. ವೆಬ್‌ಸೈಟು, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎಲ್ಲ ನನ್ನದು. ಇಂಜಿನಿಯರ್ ಅಳಿಯ ಇದ್ದಾನಲ್ಲ! ಮೂರು ರಾತ್ರಿಯಲ್ಲಿ ಮುಗಿಸಿದೆ. ಹೆಸರು 'ರಾಮನಗರ ಹೋಂಸ್ಟೇ'. ಮುಖಪುಟಕ್ಕೆ ಎಲ್ಲಿಂದಲೋ ಇಳಿಸಿಕೊಂಡ ರಾಫ್ಟಿಂಗ್ ಫೋಟೋ. ವಿಳಾಸ 'ರಾಮನಗರ, ಕರ್ನಾಟಕ'. ಅಷ್ಟೇ. ಜಾಹೀರಾತಿಗೆ ದುಡ್ಡು ಹಾಕಿದ್ದು ಕೂಡ ಬೆಂಗಳೂರಿನವರಿಗೆ ಕಾಣಲಿ ಅಂತ. ಯಾಕಂದ್ರೆ ನಾನು ಇರೋದು ಇಲ್ಲಿ, ನನಗೆ ಗೊತ್ತಿರುವ ಗಿರಾಕಿಗಳು ಇವರೇ.

ಫೋನುಗಳು ಶುರುವಾದವು. "ಏನೋ ತಮ್ಮಾ, ಗಬ್ಬರ್ ಸಿಂಗನ ಗುಡ್ಡ ಎಷ್ಟ ದೂರ ಅಂತ ಕೇಳಾಕತ್ತಾರಲ್ಲೋ" ಅಂತ ಮಾಮಾ ನಗುತ್ತಿದ್ದರು. ನಾನೂ ನಕ್ಕೆ. ಅಲ್ಲೇ ಸರಿ ಮಾಡಿದ್ದರೆ ಮುಗಿದುಹೋಗ್ತಿತ್ತು.....

ಒಂದು ಶನಿವಾರ ಬೆಂಗಳೂರಿನ ಆರು ಜನರ ಕುಟುಂಬ ವಾಟ್ಸಾಪಿನಲ್ಲೇ ಮಾತಾಡಿ ಎರಡು ಸಾವಿರ ಮುಂಗಡ ಕಳಿಸಿ ಹೊರಟಿತು. ಒಂದೂವರೆ ತಾಸಿನಲ್ಲಿ 'ರಾಮನಗರ' ತಲುಪಿ, ಅಲ್ಲಿ ನಿಂತು ಮಾಮಾನಿಗೆ ಫೋನ್ ಮಾಡಿದರು. ಇತ್ತ ಮಾಮಾ ಬಸ್ ಸ್ಟ್ಯಾಂಡಿನ ಹತ್ತಿರ ಕಾಯ್ತಾ ಇದ್ದರು. ಮಾಮಿ ಆರು ಜನಕ್ಕೆ ಅಡುಗೆ ಮಾಡಿಟ್ಟಿದ್ದರು. ಸಂಜೆಯೊಳಗೆ ಗೂಗಲ್‌ನಲ್ಲಿ ಒಂದು ಸ್ಟಾರ್ ಬಿತ್ತು: ಮೋಸಗಾರರು.

ಮಾಮಾ ಅವತ್ತೇ ಮುಂಗಡ ವಾಪಸ್ ಹಾಕಿದರು. ತಪ್ಪು ಅವರದೂ ಇದೆ, ಅರ್ಧ ಇಟ್ಟುಕೋ ಅಂದೆ. "ಬರದಾಂವ ನೀನು. ಬೋರ್ಡಿನ ಮ್ಯಾಲಿನ ಹೆಸರು ನಂದು" ಅಂದರು. ನನಗೆ ಮಾತೇ ಬರಲಿಲ್ಲ.

ಆ ಒಂದು ಸ್ಟಾರನ್ನು ಅಳಿಸಲು ಮಾಲೀಕರಿಗೆ ಬರೋದಿಲ್ಲ. ಉತ್ತರ ಬರೀಬಹುದು, ಇಲ್ಲಾ ಗೂಗಲ್‌ಗೆ ದೂರು ಕೊಡಬಹುದು. ಇನ್ನೊಂದು ದಾರಿ ಎಲ್ಲರಿಗೂ ಗೊತ್ತಿರೋದೇ. ಆಫೀಸಿನ ಹತ್ತು ಗೆಳೆಯರಿಗೆ ಹೇಳಿದರೆ ಹತ್ತು ಐದು-ಸ್ಟಾರ್, ಲಂಚ್ ಬ್ರೇಕಿನಲ್ಲಿ ಕೆಲಸ ಮುಗೀತು. ಖುಷಿಯಿಂದ ಹೇಳಿದೆ. "ಬರಲಾರದವರು ಬೈದ್ರು ಅಂತ ಬರಲಾರದವರ ಕಡೆಯಿಂದ ಹೊಗಳಿಸ್ಕೋಬೇಕೇನೋ?" ಅಂದರು ಮಾಮಾ. ಅಲ್ಲಿಗೆ ಆ ವಿಷಯ ಮುಗೀತು.

ಆಮೇಲೆ ಕೂತು ಒಂದೊಂದೇ ಸಾಲು ಓದಿ ಹೇಳಿದೆ. 'ದಿನವೂ ರಾಫ್ಟಿಂಗ್' ಅಂತಿತ್ತು. ರಾಫ್ಟಿಂಗ್ ಇರೋದು ಗಣೇಶಗುಡಿಯಲ್ಲಿ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ಮಳೆಗಾಲದಲ್ಲಿ ಬಂದ್. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬರೀವಾಗ ನೆನಪಾಗಲಿಲ್ಲ, ಅಥವಾ ನೆನಪಾಗೋದು ಬೇಡವಾಗಿತ್ತು.

ಈಗ ಹೆಸರಿನ ಪಕ್ಕದಲ್ಲೇ 'ಜೋಯಿಡಾ ತಾಲೂಕು, ಲೋಂಡಾ ಹತ್ತಿರ' ಅಂತಿದೆ. ಬೆಂಗಳೂರಿನ ದೂರ ದಪ್ಪ ಅಕ್ಷರದಲ್ಲಿದೆ. ಕನ್ನಡದ ಜೊತೆ ಮರಾಠಿಯಲ್ಲೂ ಬರೆದಿದ್ದೇವೆ, ಯಾಕಂದ್ರೆ ದಿನಾ ಆ ದಾರಿಯಲ್ಲಿ ಓಡಾಡೋದು ಬೆಳಗಾವಿ-ಗೋವಾದವರು. ಇದನ್ನು ಮಾಮಾ ಮೊದಲ ದಿನವೇ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮುಖಪುಟದಲ್ಲಿ ಮಾಮಿ ತೆಗೆದ ಹಿತ್ತಿಲಿನ ಫೋಟೋ. ಸ್ವಲ್ಪ ಮಸುಕು, ಬಾಳೆಗಿಡದ ಮುಂದೆ ಅವರ ಬೆರಳೂ ಬಂದಿದೆ :-) ಫೋನು ಮೊದಲಿನ ಅರ್ಧದಷ್ಟೂ ಬರೋದಿಲ್ಲ. ಬಂದವರು ಮಾತ್ರ ಮನೆಗೇ ಬಂದು ಮುಟ್ಟುತ್ತಾರೆ.

ಒಂದು ಸ್ಟಾರ್ ಇನ್ನೂ ಹಾಗೇ ಇದೆ. ಅದರ ಕೆಳಗೆ ಮಾಮಾ ಹೇಳಿ ಬರೆಸಿದ ಉತ್ತರ: "ಅಕ್ಕಾರ, ತಪ್ಪು ನಮ್ಮದ. ಊರಿನ ಹೆಸರು ಸರಿಯಾಗಿ ಹಾಕಿರಲಿಲ್ಲ. ಅವತ್ತು ಮಾಡಿದ ಅಡಗಿ ಮಗ್ಗಲ ಮನಿಯವರಿಗೆ ಕೊಟ್ವಿ. ಮುಂದಿನ ಸಲ ಲೋಂಡಾ ದಾರಿ ಹಿಡಿದು ಬರ್ರಿ."

ವ್ಯಾಕರಣ ತಿದ್ದಲಾ ಅಂತ ಕೇಳಿದೆ. ಬ್ಯಾಡ ಅಂದರು.