ಸೌತಿಬೀಜ

ನಮ್ಮವ್ವನ ತವರು ಮಸ್ಕಿ. ಬೇಸಿಗೆ ರಜೆಗೆ ಹೋದರೆ ಪಡಸಾಲೆ ತುಂಬ ಶಾವಿಗೆಯದೇ ಕಾರುಬಾರು. ಮಣೆಯ ಒಂದು ತುದಿ ಎತ್ತರಕ್ಕಿಟ್ಟು ಒಬ್ಬರು ಹೊಸೆದರೆ, ಕೆಳಗೆ ಇಳಿದ ಎಳೆಯನ್ನು ಇನ್ನೊಬ್ಬರು ತುಂಡಾಗದಂತೆ ಹಿಡಿದು ಕೋಲಿಗೆ ಹಾಕಬೇಕು. ಅದು ದೊಡ್ಡವರ ಕೆಲಸ. ಹುಡುಗರ ಪಾಲಿಗೆ ಬರುತ್ತಿದ್ದದ್ದು ಸೌತಿಬೀಜ.

ನಾದಿದ ಕಣಕವನ್ನು ಎಳೆ ಮಾಡಿ ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ತುದಿಯನ್ನು ಒಮ್ಮೆ ಹೊರಳಿಸಿ ಚಿವುಟಬೇಕು. ಹೊಟ್ಟೆ ತುಸು ಉಬ್ಬಿ, ಎರಡೂ ತುದಿ ಚೂಪಾಗಬೇಕು. ಎಷ್ಟು ದಪ್ಪ, ಎಷ್ಟು ಉದ್ದ ಎಂದು ಯಾರೂ ಹೇಳಿಕೊಡಲಿಲ್ಲ. ಸೌತೆಕಾಯಿ ಹೆಚ್ಚಿದ್ದು ಕಂಡ ಯಾರಿಗಾದರೂ ಅಳತೆ ಗೊತ್ತು. ಹೆಸರೇ ಪಾಠ. ಗವಲಿ ಎಂಬ ಇನ್ನೊಂದು ಬಗೆ ಇನ್ನೂ ಸಣ್ಣದು, ಕಾಳಿನಷ್ಟು. ಪರಡಿ, ಮಾಲತಿ ಎಂಬ ಬಗೆಗಳು ಮದುವೆಮನೆಯ ಹೊತ್ತಿಗೆ ಬರುತ್ತಿದ್ದವು. ಮಾಲತಿ ಎಂದರೆ ಮಲ್ಲಿಗೆಯ ಜಾತಿಯ ಹೂವು. ಗೋಧಿಹಿಟ್ಟಿಗೆ ಹೂವಿನ ಹೆಸರಿಟ್ಟ ಆ ಹೆಣ್ಣುಮಗಳು ಯಾರೋ, ಅವಳಿಗೆ ಕೈಮುಗಿಯಬೇಕು ಅನಿಸುತ್ತದೆ.

ಹೆಸರಿನ ಬೆಲೆ ಏನೆಂದು ಮಸ್ಕಿಗೆ ಹೇಳಬೇಕಾಗಿಲ್ಲ. 1915ರಲ್ಲಿ ಇಲ್ಲಿ ಸಿಕ್ಕ ಬಂಡೆಶಾಸನದಲ್ಲಿ ಅಶೋಕ ಎಂಬ ಹೆಸರು ಇದ್ದದ್ದರಿಂದಲೇ, ಬೇರೆ ಶಾಸನಗಳ ದೇವಾನಾಂಪ್ರಿಯ ಅವನೇ ಎಂದು ಖಚಿತವಾಯಿತು.

ಮೊನ್ನೆ ಸಿಂಧನೂರಿನ ಅಂಗಡಿಯಿಂದ ಮಗಳು ಪಾಸ್ತಾ ತಂದಳು. ಅದರ ಜಾಡು ಹಿಡಿದು ಹೋದರೆ ಇಟಲಿಯವರೂ ನಮ್ಮವರಂತೆಯೇ ಅಡುಗೆಮನೆಯ ಸುತ್ತಲೇ ಹೆಸರು ಹುಡುಕಿದ್ದಾರೆ. ವರ್ಮಿಚೆಲ್ಲಿ ಎಂದರೆ ಸಣ್ಣ ಹುಳ. ಫಾರ್ಫಾಲ್ಲೆ, ಚಿಟ್ಟೆ. ಒರೆಕಿಯೆತ್ತೆ ಎಂದರೆ ಪುಟ್ಟ ಕಿವಿ. ಬಾರಿ ಎಂಬ ಊರಿನ ಓಣಿಯಲ್ಲಿ ಹೆಂಗಸರು ಮನೆ ಮುಂದೆಯೇ ಮಣೆ ಹಾಕಿಕೊಂಡು ಕೂತು, ಹೆಬ್ಬೆರಳಲ್ಲಿ ಒತ್ತಿ ಇದನ್ನು ಮಾಡುತ್ತಾರೆ. ಸ್ತ್ರೊತ್ಸಪ್ರೇತಿ ಎಂದರೆ ಪಾದ್ರಿಯ ಕತ್ತು ಹಿಸುಕುವುದು. ಊಟಕ್ಕೆ ಬಂದ ಪಾದ್ರಿಗಳು ಗಬಗಬನೆ ತಿಂದು ಗಂಟಲಿಗೆ ಸಿಕ್ಕಿಸಿಕೊಂಡರು ಎಂಬುದು ಅದರ ಹಿಂದಿರುವ ಕತೆಗಳಲ್ಲೊಂದು. ಇನ್ನು ಸೆಮಿ ದಿ ಮೆಲೋನೆ ಎಂದರೆ ಕರಬೂಜದ ಬೀಜ! ಓದಿ ನನ್ನ ಮೈ ಜುಮ್ಮೆಂದಿತು.

ಹಿಟ್ಟಿನಲ್ಲೂ ನಂಟಿದೆ. ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಬೇಕೆಂದು ಇಟಲಿ 1967ರಲ್ಲಿ ಕಾನೂನೇ ತಂದಿತು. ನಮ್ಮ ಶಾವಿಗೆ, ಹುಗ್ಗಿಗೆ ಬೇಕಾದ ಜವೆಗೋಧಿ ಅದರ ಹಳೆಯ ಬಳಗದ್ದು. ಇಟಲಿಯವರು ಈ ಜವೆಗೋಧಿಯನ್ನು ಫಾರ್ರೊ ಎನ್ನುತ್ತಾರೆ. ನಮ್ಮಲ್ಲಿ ಈಗ ಕಾಲ ಬದಲಾಗಿದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಕಡೆ ಎಲ್ಲೆಲ್ಲೂ ಭತ್ತ. ಶಾವಿಗೆಯನ್ನು ಮಷಿನ್ ಮಾಡುತ್ತದೆ, ಲಿಂಗಸೂಗೂರಿನ ಗೆಳೆಯರ ಮನೆಯ ರಮ್‌ಜಾನ್ ಸುರಕುಂಬಕ್ಕೂ ಪಾಕೀಟಿನದೇ. ಆದರೆ ಸೌತಿಬೀಜ ಚಿವುಟುವ ಮಷಿನ್ ನಾನಂತೂ ಕಂಡಿಲ್ಲ. ನಮ್ಮ ಮನೆಯಲ್ಲಿ ಅದು ಅವ್ವನ ಎರಡು ಬೆರಳಲ್ಲಿ ಮಾತ್ರ ಉಳಿದಿದೆ, ಮಗಳಿಗೆ ಹೆಸರೂ ಗೊತ್ತಿರಲಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಕರಬೂಜದ ಬೀಜದ ಸಂಗತಿ ಅವ್ವನಿಗೆ ಹೇಳಿದೆ. ಅವಳಿಗೆ ಬೆರಗೇನೂ ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರೂ ಎರಡೂ ತುದಿ ಚೂಪು ಮಾಡ್ತಾರೇನು?" ಎಂದು ಕೇಳಿದಳು. ಫೋನಿನಲ್ಲಿ ಚಿತ್ರ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, ಮೊಮ್ಮಗಳಿಗೆ ಹೇಳಿದಳು:

"ಕೈ ತೊಳಕೊಂಡು ಬಾ."